ಮುನಿವೆಂಕಟಮ್ಮನ ಮಾರ್ಕು

ಶ್ರೀನಿವಾಸಪುರಕ್ಕೆ ಬಂದಿಳಿದ ದಿನ ಜಟಕಾ ಗಾಡಿಯವನು ನನ್ನ ಕೈಯಲ್ಲಿದ್ದ ವಿಳಾಸದ ಚೀಟಿಯನ್ನು ಮುಟ್ಟಲೂ ಇಲ್ಲ. "ಓದಕ್ಕೆ ಬರಲ್ಲಮ್ಮ, ಯಾರ ಮನೆ ಹೇಳಿ" ಅಂದ. ಮುನಿವೆಂಕಟಮ್ಮನವರ ಮನೆ ಎಂದೆ. "ಓ, ಎರ್ರ ಮುಕ್ಕೋಣಂ ಮನೆ!" ಎಂದು ಲಗಾಮು ಜಗ್ಗಿದ. ಅದು ತೆಲುಗು ಎಂದು ಮಾತ್ರ ಗೊತ್ತಾಯಿತು. ಗಾಡಿ ನಿಂತಾಗ ಅರ್ಥವೂ ಆಯಿತು. ಬೀದಿಯ ಕಡೆಯ ಗೋಡೆಯ ಮೇಲೆ ನನ್ನಷ್ಟೇ ಎತ್ತರದ ಕೆಂಪು ತ್ರಿಕೋನ. ಅದರ ಪಕ್ಕದಲ್ಲಿ ನಗುತ್ತಿರುವ ಗಂಡ, ಹೆಂಡತಿ, ಇಬ್ಬರು ಮಕ್ಕಳು. ಕುಟುಂಬ ಯೋಜನೆಯ ಗುರುತು. ಮದುವೆಯಾಗದ, ಧಾರವಾಡದಿಂದ ಒಬ್ಬಳೇ ಬಂದ ಹೈಸ್ಕೂಲು ಟೀಚರು ನಾನು. ಇನ್ನು ಮುಂದೆ ನನ್ನ ವಿಳಾಸ ಅದು.

ಇದು ಎಪ್ಪತ್ತರ ದಶಕದ ಕೊನೆಯ ಮಾತು. ಆ ದಿನದ ನನ್ನ ದಿನಚರಿಯಲ್ಲಿ ತ್ರಿಕೋನದ ಸುದ್ದಿಯೇ ಇಲ್ಲ. "ನೀರು ಗಡಸು. ಸೊಳ್ಳೆ ಬಹಳ. ಮನೆಯೊಡತಿ ಒಳ್ಳೆಯವರಿದ್ದಂತಿದೆ" ಎಂದಷ್ಟೇ ಇದೆ. ನಾಚಿಕೆಯಿಂದ ಬರೆಯಲಿಲ್ಲವೋ, ಆಮೇಲೆ ಹತ್ತು ಜನರ ಮುಂದೆ ಹೇಳಿ ನಗಿಸುತ್ತ ಅದನ್ನು ಆಳೆತ್ತರಕ್ಕೆ ಬೆಳೆಸಿದೆನೋ, ಈಗ ಆಣೆ ಮಾಡಿ ಹೇಳಲಾರೆ. ಅಪ್ಪನ ಮೊದಲ ಎರಡು ಪತ್ರ ಊರೆಲ್ಲ ಸುತ್ತಿ ಬಂದದ್ದಂತೂ ನಿಜ. "ಮುಕ್ಕೋಣಂ ಅಂತ ಒಂದು ಮಾತು ಸೇರಿಸಿ ಬರೆಯಕ್ಕೆ ಹೇಳಿ ಮೇಡಂ, ಸೀದಾ ತಂದ್ಬಿಡ್ತೀನಿ" ಎಂದರು ಅಂಚೆಯವರು. ಅಪ್ಪ ಒಪ್ಪಲಿಲ್ಲ. "ಮಗಳ ಹೆಸರಿನ ಕೆಳಗ ಅದನ್ನ ಹೆಂಗ ಬರೀಲೆವಾ?" ಎಂದು ಉತ್ತರ ಬಂತು. ಅದೂ ತಡವಾಗಿಯೇ ಬಂತು.

ಧಾರವಾಡದಲ್ಲಿ ನಾವು ಅಕ್ಷರದ ಜನ. ಮನೆತನಕ್ಕೆ ಅಡ್ಡಹೆಸರು, ಅಂಗಡಿಗೆ ಬೋರ್ಡು, ಬೋರ್ಡಿನ ಮೇಲೆ ಮಾಲಕರ ಹೆಸರು, ಅವರ ತಂದೆಯ ಹೆಸರು. ಇಲ್ಲಿಯವರು ಮನೆಯಲ್ಲಿ ತೆಲುಗು ಆಡುತ್ತಾರೆ, ಶಾಲೆಯಲ್ಲಿ ಕನ್ನಡ ಓದುತ್ತಾರೆ, ಸಂತೆಯಲ್ಲಿ ಎರಡನ್ನೂ ಒಂದೇ ವಾಕ್ಯದಲ್ಲಿ ಸೇರಿಸಿ ಮೇಲೊಂದಿಷ್ಟು ಉರ್ದು ಉದುರಿಸುತ್ತಾರೆ. ಯಾವ ಲಿಪಿಯಲ್ಲಿ ಬರೆದರೂ ಓದಲಾರದವರು ಒಂದಷ್ಟು ಜನ ಉಳಿಯುತ್ತಾರೆ. ಚಿತ್ರವಾದರೆ ಎಲ್ಲರಿಗೂ ಸಲ್ಲುತ್ತದೆ. ನನಗಿದು ತಿಳಿದದ್ದು ಬೆಂಕಿಪೊಟ್ಟಣ ಕೊಳ್ಳಲು ಹೋದಾಗ.

"ಕಡ್ಡಿಪೆಟ್ಟಿಗಿ ಕೊಡ್ರಿ" ಎಂದೆ. ಅಂಗಡಿಯಾತ ನನ್ನನ್ನು ಮೇಲಿನಿಂದ ಕೆಳಗೆ ನೋಡಿದ. ನಾನು ಗಾಳಿಯಲ್ಲಿ ಕಡ್ಡಿ ಗೀರಿ ತೋರಿಸಿದೆ.

"ಬೆಂಕಿಪೊಟ್ಟಣ ಅನ್ನಿ ಮತ್ತೆ! ಯಾವ ಬೊಮ್ಮೆದು?"

ಬೊಮ್ಮೆ ಎಂದರೆ ಇಲ್ಲಿಯವರ ಬಾಯಲ್ಲಿ ಚಿತ್ರ. "ಯಾವುದಾದರೂ ಕೊಡ್ರಿ" ಎಂದೆ.

"ಯಾವುದಾದ್ರೂ ಅನ್ನೋ ಬೊಮ್ಮೆ ನಮ್ಮತ್ರ ಇಲ್ಲಮ್ಮ. ಕುದುರೆ ಐತೆ, ಬೀಗದಕೈ ಐತೆ, ದಾಳಿಂಬೆ ಐತೆ."

ದಾಳಿಂಬೆ ತಂದೆ. ತಿಂಗಳೊಳಗೆ ಸೀಗೆಪುಡಿ, ದಾರದುಂಡೆ, ಎಲ್ಲವನ್ನೂ ಪ್ರಾಣಿ, ಪಕ್ಷಿ, ಹೂವಿನ ಹೆಸರಿನಲ್ಲಿ ಕೇಳುವುದು ಬಂತು. ಒಂದು ದಿನ ಅಂಗಡಿಯಾತ ನನ್ನನ್ನು ಕಂಡೊಡನೆ ಕೇಳದೆಯೇ ದಾಳಿಂಬೆಯನ್ನು ಮುಂದಿಟ್ಟಾಗ, ಎಂ.ಎ. ಪಾಸಾದ ದಿನಕ್ಕಿಂತ ಹೆಚ್ಚು ಖುಷಿಯಾಯಿತು.

ಊಟಕ್ಕೆ ಒಗ್ಗಿಕೊಳ್ಳಲು ಹೆಚ್ಚು ಸಮಯ ಹಿಡಿಯಿತು. ರೊಟ್ಟಿ ಬಡಿಯೋಣವೆಂದರೆ ಜೋಳದ ಹಿಟ್ಟು ಕೋಲಾರಕ್ಕೆ ಹೋದರೂ ಸಿಗುತ್ತಿರಲಿಲ್ಲ. ಮುನಿವೆಂಕಟಮ್ಮನವರು ದಿನಾ ಒಂದು ಮುದ್ದೆ, ಬಸ್ಸಾರು ತಂದಿಟ್ಟು, ನಾನು ಅಗಿಯುವುದನ್ನು ನೋಡಿ ಹಣೆ ಚಚ್ಚಿಕೊಳ್ಳುತ್ತಿದ್ದರು. ಕಠಿಣವಾದದ್ದು ಸಂಜೆಯ ಹೊತ್ತು. ಶಾಲೆ ಬಿಟ್ಟ ಮೇಲೆ ಮಾತಾಡಲು ಯಾರೂ ಇಲ್ಲ. ಬೀದಿಯ ನಗೆಯೆಲ್ಲ ತೆಲುಗಿನಲ್ಲಿ. ಖಾಲಿಯಾದ ಪೊಟ್ಟಣಗಳ ಚಿತ್ರಗಳನ್ನು ನೀರಿನಲ್ಲಿ ನೆನೆಸಿ ಬಿಡಿಸಿ, ಗಂಜಿ ಹಚ್ಚಿ ದಿನಚರಿಗೆ ಅಂಟಿಸತೊಡಗಿದೆ. ಓದುವಾಗ ಹಳೆಯ ನಾಣ್ಯಗಳ ಮೇಲಿನ ವರಾಹ, ಸಿಂಹಗಳನ್ನು ನೋಡಿ ಟಿಪ್ಪಣಿ ಬರೆದವಳು ನಾನು. ಇದೂ ಹಾಗೆಯೇ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

"ಏನ್ ಟೀಚರಮ್ಮ, ಮಕ್ಳ ಥರ ಬೊಮ್ಮೆ ಅಂಟಿಸ್ಕೊಂಡು ಕೂತಿದೀರಾ?" ಎಂದರು ಮುನಿವೆಂಕಟಮ್ಮ ಒಮ್ಮೆ, ಬಾಗಿಲಲ್ಲಿ ನಿಂತು.

"ಇದು ಇತಿಹಾಸರೀ ಅಕ್ಕಾರ."

"ಇತಿಹಾಸ ಓದ್ದೋರಿಗೆ ಬೊಮ್ಮೆ ಬರೆಯಕ್ಕೆ ಬತ್ತದಾ?"

ಕೇಳಿದ್ದು ತಮಾಷೆಗಲ್ಲ. ಗಂಡ ತೀರಿಕೊಂಡ ಮೇಲೆ ಮಾವಿನ ತೋಟವನ್ನು ಅವರೊಬ್ಬರೇ ನೋಡಿಕೊಳ್ಳುತ್ತಿದ್ದರು. ನಾವು ಧಾರವಾಡದಲ್ಲಿ ಆಪೂಸು ಎನ್ನುವ ಹಣ್ಣು ಇಲ್ಲಿ ಬಾದಾಮಿ. ಅವರ ಬಾದಾಮಿಯೆಲ್ಲ ದೂರದ ಮೈದುನ ವೆಂಕಟರೋಣಪ್ಪನವರ ಹಣ್ಣಿನ ಮಂಡಿಗೆ ಹೋಗಿ, ಹತ್ತಾರು ತೋಟದ ಹಣ್ಣಿನೊಂದಿಗೆ ಬೆರೆತು, ಮಂಡಿಯ ನಕ್ಷತ್ರದ ಗುರುತು ಹೊತ್ತು ಬೊಂಬಾಯಿಗೆ ಹೊರಡುತ್ತಿತ್ತು.

"ಅಲ್ಲಿ ತಿಂದೋನು 'ಚುಕ್ಕಿ ಮಾರ್ಕು ಚೆನ್ನಾಗೈತೆ' ಅಂತಾನೆ. ಮರ ನೋಡ್ಕೊಂಡೋಳು ನಾನು ಕಣಮ್ಮ. ಇಪ್ಪತ್ತು ವರ್ಷ ಆಯ್ತು. ನಂದೂ ಅಂತ ಒಂದು ಗುರುತು ಬ್ಯಾಡ್ವಾ?"

ವೆಂಕಟರೋಣಪ್ಪನವರು ಮೊದಲು ನಕ್ಕರು. ಆಮೇಲೆ ಒಂದು ಷರತ್ತು ಹಾಕಿದರು. "ಆಯ್ತು ವದಿನಾ, ಒಂದು ಲೋಡು ನಿಮ್ಮ ಮಾರ್ಕಲ್ಲೇ ಹೋಗ್ಲಿ. ಅಲ್ಲಿಂದ ಕೆಟ್ಟ ಮಾತು ಬಂದ್ರೆ ಮಾತ್ರ ಇನ್ಮೇಲೆ ಮಾರ್ಕಿನ ಸುದ್ದಿ ಎತ್ತಬಾರದು." ವದಿನ ಎಂದರೆ ಅತ್ತಿಗೆ. ಮಾತಿನಲ್ಲಿ ಮರ್ಯಾದೆಯಿತ್ತು, ಆದರೆ ಅವರು ಷರತ್ತನ್ನು ಸಡಿಲಿಸುವವರಲ್ಲ ಎಂದು ಎಲ್ಲರಿಗೂ ಗೊತ್ತಿತ್ತು.

ಚಿತ್ರ ಬರೆಯುವ ಕೆಲಸ ನನ್ನದಾಯಿತು. ಬೇರೆ ಮಂಡಿಗಳ ಪೆಟ್ಟಿಗೆಗಳನ್ನು ನೋಡಿಬಂದೆ. ಒಂದರ ಮೇಲೆ ಎರಡು ನವಿಲು, ನಡುವೆ ದೀಪ, ದೀಪದ ಸುತ್ತ ಹಾರ. ಇನ್ನೊಂದರ ಹುಲಿಯನ್ನು ಮುಳಬಾಗಿಲಿನ ಪೇಂಟರೊಬ್ಬರು ಬರೆದದ್ದಂತೆ. ಬೆಕ್ಕಿನ ಹಾಗೆ ಸಾಧುವಾಗಿತ್ತು. ನಾನು ಒಳಗೊಳಗೇ ನಕ್ಕೆ. ನನ್ನದು ಮೂರೇ ಗೆರೆ: ಒಂದು ಮಾವು, ಮೇಲೆ ತೊಟ್ಟು, ತೊಟ್ಟಿಗೊಂದು ಎಲೆ.

"ಇಷ್ಟೇನಾ? ಬೋಳಾಗೈತಲ್ಲಮ್ಮ. ಸುತ್ತ ಹೂವಿನ ಬಳ್ಳಿ ಒಂದಾದ್ರೂ..."

"ದೂರದಿಂದ ಕಾಣಬೇಕಂದ್ರ ಕಡಿಮಿ ಇರಬೇಕ್ರೀ ಅಕ್ಕಾರ" ಎಂದೆ, ಎಲ್ಲ ಬಲ್ಲವಳ ಹಾಗೆ.

ತಗಡು ಕತ್ತರಿಸಿ ಅಚ್ಚು ಮಾಡಿಕೊಡುವ ಬಾಷಾ ಸಾಹೇಬರು ಕಾಗದವನ್ನು ಬೆಳಕಿಗೆ ಹಿಡಿದರು. "ಗೆರೆ ಪೂರ್ತಿ ಸುತ್ತು ಬಂದ್ರೆ ನಡುವಿನ ತಗಡು ಉದುರಿ ಹೋಗ್ತದೆ ಟೀಚರಮ್ಮ. ಅಲ್ಲಲ್ಲಿ ಹಿಡಿತ ಬಿಡಬೇಕು" ಎಂದು ನನ್ನ ಗೆರೆಯನ್ನು ಮೂರು ಕಡೆ ತುಂಡರಿಸಿದರು. ಚಿತ್ರ ಇನ್ನೂ ಚೆನ್ನಾಯಿತು. "ತೊಟ್ಟು ಮೇಲಕ್ಕೇನಾ?" ಎಂದೂ ಕೇಳಿದರು. "ಮತ್ತ? ಮರದಾಗ ಹಂಗ ಇರತೈತಲ್ರೀ" ಎಂದೆ. ಈ ಪ್ರಶ್ನೆಯನ್ನು ಅವರು ನಿಜವಾಗಿ ಕೇಳಿದರೇ? ದಿನಚರಿಯಲ್ಲಿ ಇಲ್ಲ. ನಡೆದುಹೋದದ್ದಕ್ಕೆ ಒಂದು ಎಚ್ಚರಿಕೆ ಮೊದಲೇ ಇತ್ತೆಂದು ನಂಬುವುದು ಮನಸ್ಸಿಗೆ ಹಿತ. ಅದಕ್ಕಾಗಿ ನಾನೇ ಕಟ್ಟಿಕೊಂಡಿರಬಹುದು.

ಜೂನ್ ತಿಂಗಳಲ್ಲಿ ಮೊದಲ ಲೋಡು ಹೋಯಿತು. ನಾನು ಶಾಲೆಯಲ್ಲಿದ್ದೆ. ಮುನಿವೆಂಕಟಮ್ಮನವರು ಪೆಟ್ಟಿಗೆಗಳಿಗೆ ತಮ್ಮ ಕೈಯಾರೆ ಅಚ್ಚೊತ್ತಿ, ಮಸಿಯಾದ ಬೆರಳನ್ನು ಎರಡು ದಿನ ತೊಳೆಯದೆ ಎಲ್ಲರಿಗೂ ತೋರಿಸಿಕೊಂಡು ಓಡಾಡಿದರು.

ಹತ್ತು ದಿನಕ್ಕೆ ಬೊಂಬಾಯಿಯ ವ್ಯಾಪಾರಿಯ ಪತ್ರ ಬಂತು. ಹಿಂದಿಯಲ್ಲಿದ್ದುದರಿಂದ ನಾನೇ ಓದಿ ಹೇಳಬೇಕಾಯಿತು. ಪೆಟ್ಟಿಗೆಗಳ ಮರದ ಪಟ್ಟಿಗಳು ಕಿತ್ತುಬಂದಿವೆ. ಹಣ್ಣಿನ ಮೈಮೇಲೆಲ್ಲ ಕಪ್ಪು ಗೆರೆಗಳಿವೆ. ಈ ಗುರುತಿನ ಮಾಲು ಇನ್ನು ಕಳಿಸಬೇಡಿ.

"ಇನ್ನೊಂದ್ಸಲ ಓದಿ" ಎಂದರು ಮುನಿವೆಂಕಟಮ್ಮ. ಓದಿದೆ. ಅವರು ಅಳಲಿಲ್ಲ. "ಸೊನೆ ಸುಟ್ಟೈತೆ" ಎಂದಷ್ಟೇ ಅಂದರು. "ನನ್ನ ಹಣ್ಣಿಗೆ ಸೊನೆ ಕಲೆನಾ? ನಾನೇ ಸರಿಯಾಗಿ ಜೋಡಿಸ್ಲಿಲ್ವಾ ಏನು?" ತಮ್ಮ ಎರಡೂ ಅಂಗೈಗಳನ್ನು ಮುಂದೆ ಹಿಡಿದು ನೋಡಿಕೊಂಡರು. ಆ ನೋಟಕ್ಕೆ ದಿನಚರಿಯ ಆಧಾರ ಬೇಡ. ಅದು ನನಗೆ ಚೆನ್ನಾಗಿ ನೆನಪಿದೆ.

ಸೊನೆಯ ವಿಷಯ ನನಗೆ ಅಂದೇ ಗೊತ್ತಾದದ್ದು. ಕಿತ್ತ ಮಾವಿನ ತೊಟ್ಟಿನಿಂದ ಹಾಲಿನಂಥ ಸೊನೆ ಜಿನುಗುತ್ತದೆ. ಸಿಪ್ಪೆಗೆ ತಾಗಿದಲ್ಲಿ ಸುಟ್ಟ ಹಾಗೆ ಕಪ್ಪಾಗುತ್ತದೆ. ಅದಕ್ಕೇ ಕಿತ್ತ ಕಾಯನ್ನು ತೊಟ್ಟು ಕೆಳಗೆ ಮಾಡಿ ನೆಲದ ಮೇಲಿಡುತ್ತಾರೆ, ಪೆಟ್ಟಿಗೆಯ ಹುಲ್ಲಿನಲ್ಲೂ ತೊಟ್ಟು ಕೆಳಗೆ ಮಾಡಿಯೇ ಕೂರಿಸುತ್ತಾರೆ. ಮಾವಿನ ಊರಿನಿಂದ ಬಂದವಳೆಂದು ಬೀಗುತ್ತಿದ್ದ ನನಗೆ ಮಾವು ಗೊತ್ತಿದ್ದದ್ದು ಪೇಟೆಯಿಂದ ಚೀಲದಲ್ಲಿ ಬಂದ ಮೇಲೆ.

ಪತ್ರ ಹಿಡಿದು ಇಬ್ಬರೂ ಮಂಡಿಗೆ ಹೋದೆವು. ಒಳ್ಳೆಯ ಮಾತೇ ಬರುತ್ತದೆಂದು ನಂಬಿ ಎರಡನೆಯ ಲೋಡಿಗೆಂದು ಅವರು ಆಗಲೇ ತುಂಬಿದ್ದ ಪೆಟ್ಟಿಗೆಗಳು ಗೋಡೆಯುದ್ದಕ್ಕೂ ಇದ್ದವು. ನಾನು ಅಲ್ಲೇ ನಿಂತುಬಿಟ್ಟೆ. ಒಂದೊಂದು ಪೆಟ್ಟಿಗೆಯ ಮೇಲೂ ನನ್ನ ಮಾವು ತೊಟ್ಟು ಕೆಳಗಾಗಿ ನೇತಾಡುತ್ತಿತ್ತು.

"ಚೌಡಪ್ಪನವರ, ಪೆಟ್ಟಿಗಿ ಯಾಕ ತಲಿಕೆಳಗ ಇಟ್ಟೀರಿ?" ಎಂದು ಹಮಾಲರ ಹಿರಿಯನನ್ನು ಕೇಳಿದೆ.

"ತಲೆಕೆಳಗಾ? ನಾವಾ?" ಚೌಡಪ್ಪ ಹೆಗಲಿನ ಟವೆಲ್ಲು ಕೊಡವಿದ. "ನಿಮ್ಮ ಬೊಮ್ಮೇನೇ ತಲೆಕೆಳಗೆ ಹೊಡ್ದಿದ್ರು ಟೀಚರಮ್ಮ. ನಾವು ನೆಟ್ಟಗೆ ಮಾಡಿ ಇಟ್ವಿ. ಕಿತ್ತ ಕಾಯಿನ ತೊಟ್ಟು ಮೇಲಕ್ಕೆ ಮಾಡಿ ಯಾವನಾದ್ರೂ ಇಡ್ತಾನಾ? ಸುಟ್ಟೋಗಲ್ವಾ?"

ಪೆಟ್ಟಿಗೆಯ ತಳಕ್ಕೂ ಮುಚ್ಚಳಕ್ಕೂ ನೋಡಲು ವ್ಯತ್ಯಾಸವಿಲ್ಲ. ಮುಚ್ಚಳದ ಪಟ್ಟಿ ಸ್ವಲ್ಪ ತೆಳು, ಭಾರ ತಡೆಯದು, ಅಷ್ಟೆ. ಯಾವ ಕಡೆ ಮೇಲೆ ಎನ್ನುವುದನ್ನು ಅವರು ಚಿತ್ರ ನೋಡಿ ತಿಳಿಯುತ್ತಿದ್ದರು. ನವಿಲು ನಿಂತಿದ್ದರೆ ಸರಿ, ದೀಪ ಉರಿಯುತ್ತಿದ್ದರೆ ಸರಿ. ನನ್ನ ಮಾವನ್ನೂ ಅವರು ಹಾಗೆಯೇ ಶ್ರದ್ಧೆಯಿಂದ ನೋಡಿ, ಮಾವನ್ನು ಇಡಬೇಕಾದ ರೀತಿಯಲ್ಲೇ ಇಟ್ಟಿದ್ದರು. ಒಳಗೆ ಮುನಿವೆಂಕಟಮ್ಮನವರು ಕೂರಿಸಿದ ಹಣ್ಣಿನ ತೊಟ್ಟುಗಳೆಲ್ಲ ಆಕಾಶ ನೋಡುತ್ತಿದ್ದವು.

"ಹಣ್ಣಿನ ತಪ್ಪಲ್ರೀ, ಇವರ ತಪ್ಪೂ ಅಲ್ಲ. ನಂದು" ಎಂದೆ ವೆಂಕಟರೋಣಪ್ಪನವರಿಗೆ.

ಅವರು ಕಿವಿ ಕೆರೆದುಕೊಂಡರು. "ಬೊಂಬಾಯಿಗೆ ಏನಂತ ಬರೀಲಿ? ನಮ್ಮ ಟೀಚರು ತೋಟಕ್ಕೇ ಹೋಗಿಲ್ಲ ಅಂತ ಬರೀಲಾ?"

ಹಮಾಲರೆಲ್ಲ ನಕ್ಕರು. ಮುನಿವೆಂಕಟಮ್ಮ ನಗಲಿಲ್ಲ. "ವೆಂಕಟರೋಣ, ನನ್ನ ಕೈ ಕೆಟ್ಟಿಲ್ಲ. ಕೇಳಿಸ್ತಾ? ಇನ್ನೊಂದು ಲೋಡು ಕಳ್ಸು" ಎಂದರು. ಅವರ ದನಿ ಏರಲೂ ಇಲ್ಲ. ವೆಂಕಟರೋಣಪ್ಪನವರು ಪತ್ರವನ್ನು ಮಡಿಸಿ ಜೇಬಿಗಿಟ್ಟು, "ಸರಿ ವದಿನಾ, ಇನ್ನೊಂದೇ" ಎಂದರು.

"ಹೊಸಾ ತಗಡು ಮಾಡಸೋಣ್ರಿ, ಬ್ಯಾರೆ ಚಿತ್ರಾ ಬರೀತೀನಿ" ಎಂದೆ.

"ಬ್ಯಾಡ." ಅವರು ಹೊಸ ಪೆಟ್ಟಿಗೆಯೊಂದನ್ನು ಎಳೆದುಕೊಂಡರು, ಅದೇ ಅಚ್ಚನ್ನು ತಿರುಗಿಸಿ ಹಿಡಿದರು, ಮಸಿಯ ಕುಂಚ ಆಡಿಸಿದರು. ತೊಟ್ಟು ಕೆಳಗೆ, ಎಲೆ ಇನ್ನೂ ಕೆಳಗೆ. ನನ್ನ ಕಣ್ಣಿಗದು ಬಾಲ ಬಿಟ್ಟ ಮೊಟ್ಟೆಯಂತೆ ಕಂಡಿತು. "ಮರದಲ್ಲಿರೋ ಮಾವು ಎಲ್ರದೂ ಒಂದೇ ಥರ ಅಲ್ವಾ ಟೀಚರಮ್ಮ? ಕಿತ್ತು ಕೆಳಗೆ ಇಡ್ತೀನಲ್ಲ, ಅದು ನಂದು."

ವಿಶ್ವವಿದ್ಯಾಲಯದಲ್ಲಿ ಇಷ್ಟು ವರ್ಷ ಕಲಿತ ನನಗೆ ಒಂದು ಚಿತ್ರದ ಬಗ್ಗೆ ಇದಕ್ಕಿಂತ ಮೇಲಾದ ಮಾತು ಹೊಳೆದಿಲ್ಲ.

ಆ ಲೋಡಿಗೆ ದೂರು ಬರಲಿಲ್ಲ. ಮಾರನೆಯ ವರ್ಷ ಹಣ್ಣಿನ ಕಾಲ ಶುರುವಾಗುವ ಮೊದಲೇ ಅದೇ ವ್ಯಾಪಾರಿಯ ಪತ್ರ ಬಂತು: ಆ 'ಉಲ್ಟಾ ಆಮ್' ಈ ಸಲ ಎಷ್ಟು ಪೆಟ್ಟಿಗೆ ಕಳಿಸುತ್ತೀರಿ? ಉಲ್ಟಾ ಎಂದರೆ ತಲೆಕೆಳಗು, ಆಮ್ ಎಂದರೆ ಮಾವು ಎಂದು ಬಿಡಿಸಿ ಹೇಳಿದೆ. ಮುನಿವೆಂಕಟಮ್ಮ ಮೂರು ಸಲ ಓದಿಸಿದರೆಂದು ನನ್ನ ನೆನಪು. ದಿನಚರಿಯಲ್ಲಿ ಎರಡು ಸಲ ಎಂದಿದೆ. ಮೂರು ಎಂದೇ ಇರಲಿ ಎಂದು ನನ್ನ ಆಸೆ.

ಇದೆಲ್ಲ ಆಗಿ ಆರೇಳು ವರ್ಷಗಳಾದವು. ಈಗ ತೆಲುಗಿನಲ್ಲಿ ಜಗಳವಾಡುವಷ್ಟು ಕಲಿತಿದ್ದೇನೆ. ಈ ಬೇಸಿಗೆಯಲ್ಲಿ ಧಾರವಾಡಕ್ಕೆ ಹೊರಟಾಗ ಮುನಿವೆಂಕಟಮ್ಮ ಒಂದು ಪೆಟ್ಟಿಗೆ ಬಾದಾಮಿ ಕಟ್ಟಿಕೊಟ್ಟರು. ಆಪೂಸಿನ ಊರಿಗೆ ಇದನ್ನು ಹೊರಬೇಕೇ ಎಂದರೆ ಕೇಳಲಿಲ್ಲ. "ನಿಮ್ಮೂರೋರೂ ಒಂದ್ಸಲ ತಿಂದು ನೋಡ್ಲಿ. ಬೇಗ ಬಂದ್ಬಿಡಿ" ಎಂದರು ಬಸ್ಸಿನ ಕಿಟಕಿಯ ಕೆಳಗೆ ನಿಂತು.

ಧಾರವಾಡದಲ್ಲಿ ನನ್ನ ತಮ್ಮ ಆ ಪೆಟ್ಟಿಗೆಯನ್ನು ಹೊತ್ತು ತಂದು ಪಡಸಾಲೆಯಲ್ಲಿಳಿಸಿದ. ಚಿತ್ರ ನೋಡಿ, ತೊಟ್ಟು ಮೇಲೆ ಬರುವಂತೆ ಪೆಟ್ಟಿಗೆ ತಿರುಗಿಸಿಟ್ಟ. ನಾನು ಚಪ್ಪಲಿಯನ್ನೂ ಬಿಡದೆ ಓಡಿಹೋಗಿ ಮತ್ತೆ ತಿರುಗಿಸಿದೆ.

"ಅಲ್ಲಕ್ಕಾ, ಚಿತ್ರಾ ತಲಿಕೆಳಗ ಆತಲ್ಲ?"

"ಹಂಗಽ ಇರಬೇಕದು."

"ನಿಮ್ಮೂರಾಗ ಮಾವಿನಹಣ್ಣು ನೆಲದಿಂದ ಮ್ಯಾಲ ಬೆಳೀತಾವೇನು?"

ಅವ್ವ ಸೆರಗು ಬಾಯಿಗೆ ಹಿಡಿದು ನಕ್ಕಳು. ನಿಮ್ಮೂರು ಎಂದವನು ನನ್ನ ಬೆನ್ನಿಗೆ ಬಿದ್ದ ತಮ್ಮ. ತಿದ್ದಬೇಕೆಂದು ಬಾಯಿ ತೆರೆದೆ. ಯಾವ ಊರಿನ ಹೆಸರು ಹೇಳಿ ತಿದ್ದಬೇಕೆಂದು ತಿಳಿಯಲಿಲ್ಲ.

ಮುಚ್ಚಳ ಕಿತ್ತು, ಹಣ್ಣುಗಳನ್ನು ಒಂದೊಂದಾಗಿ ತೆಗೆದು ಗೋಣಿಯ ಮೇಲೆ ಸಾಲಾಗಿ ಇಡುತ್ತ ಹೋದೆ, ಎಲ್ಲವನ್ನೂ ತೊಟ್ಟು ಕೆಳಗೆ ಮಾಡಿ. ಸೊನೆ ಯಾವಾಗಲೋ ಆರಿತ್ತು. ಹೇಗಿಟ್ಟರೂ ಇನ್ನು ಕಲೆಯಾಗುವಂತಿರಲಿಲ್ಲ. ಅವ್ವ ಬಂದು ಸಾಲಿನ ಮೊದಲ ಹಣ್ಣನ್ನು ಎತ್ತಿಕೊಂಡಳು, ಸೆರಗಿನಿಂದ ಒರೆಸಿ ದೇವರ ಜಗುಲಿಯ ಮೇಲಿಟ್ಟಳು. ತೊಟ್ಟು ಮೇಲೆ ಮಾಡಿ ಇಟ್ಟಳು. ಅದು ಉರುಳದ ಹಾಗೆ ಎರಡೂ ಕಡೆ ಅಕ್ಕಿ ಒತ್ತಿಟ್ಟಳು. ಸಾಲಿನಲ್ಲಿ ಖಾಲಿಯಾದ ಜಾಗಕ್ಕೆ ನಾನು ಪೆಟ್ಟಿಗೆಯಿಂದ ಇನ್ನೊಂದನ್ನು ತೆಗೆದಿಟ್ಟೆ.