ಹಕ್ಕಿ ಕಂಪನಿಯ ನಾಲ್ಕನೇ ಮಾಡಲ್

ಈಗ ಯಾವ ಯಂತ್ರದ ಗುಂಡಿ ಒತ್ತಿದರೂ ಮೊದಲು ಬರುವುದು ಅದನ್ನು ಮಾಡಿದ ಕಂಪನಿಯ ಗುರುತು. ಟಿವಿ ಹಾಕಿದರೆ ಒಂದು, ಫೋನು ಒತ್ತಿದರೆ ಇನ್ನೊಂದು. ಹೊಳೆಯುತ್ತದೆ, ತಿರುಗುತ್ತದೆ, ಟಿಂಗ್ ಎನ್ನುತ್ತದೆ, ಆಮೇಲೆ ದೊಡ್ಡ ಮನಸ್ಸು ಮಾಡಿ ನಮ್ಮ ಕೆಲಸಕ್ಕೆ ದಾರಿ ಬಿಡುತ್ತದೆ. ನೋಡಿ ನೋಡಿ ನನಗೆ ಸಾಕಾಗಿದೆ. ಗುರುತು ಬಂದ ತಕ್ಷಣ ಮುಖ ಆಚೆ ತಿರುಗಿಸಿಬಿಡುತ್ತೇನೆ. ಅದಕ್ಕೆ ಕಾರಣ ಒಂದು ವಿಡಿಯೋ ಗೇಮ್ ಕಂಪನಿ. ಅದರ ಗುರುತು ನಮ್ಮ ಮನೆಯ ಪರದೆಯ ಮೇಲೆ ನಾಲ್ಕು ಸಲ ರೂಪ ಬದಲಿಸಿತು. ನಾಲ್ಕನೆಯದು ಬಂದ ವಾರದಲ್ಲೇ ನನ್ನ ಗಂಡನ ಜೀಪಿನ ಕೀ ನನ್ನ ಕೈಗೆ ಬಂತು.

ನಮ್ಮವರು ವನಗೂರಿನ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ಜೀಪ್ ಡ್ರೈವರ್. ಕೆಲಸದವರ ಸಾಲುಮನೆಗೆ ನಮ್ಮಲ್ಲಿ ಲೈನ್ ಅನ್ನುತ್ತಾರೆ. ಬೆಳಿಗ್ಗೆ ಲೈನಿನ ಹೆಂಗಸರನ್ನು ಕೂರಿಸಿಕೊಂಡು ಮೇಲಿನ ತೋಟಕ್ಕೆ ಬಿಡುವುದು, ಸಂಜೆ ಕರೆತರುವುದು, ನಡುವೆ ಸಕಲೇಶಪುರಕ್ಕೆ ಹೋಗಿಬರುವುದು ಅವರ ಕೆಲಸ. ತೋಟದ ದಾರಿ ಅಂದರೆ ಜೀಪಿನಗಲಕ್ಕಿಂತ ಒಂದು ಮೊಳ ಹೆಚ್ಚು, ಅಷ್ಟೆ. ಬಲಕ್ಕೆ ಗುಡ್ಡ, ಎಡಕ್ಕೆ ಇಳಿಜಾರು, ಕೆಳಗೆ ಹಳ್ಳ. ನಾನು ಅದೇ ಎಸ್ಟೇಟಿನ ಸ್ಟೋರಿನಲ್ಲಿ ಕಾಫಿ ಬೀಜ ಆರಿಸುತ್ತಿದ್ದೆ. ರಾಶಿಯಲ್ಲಿ ಒಂದು ಕರಿಬೀಜ ಅಡಗಿದ್ದರೂ ನನ್ನ ಕಣ್ಣಿನಿಂದ ತಪ್ಪಿಸಿಕೊಳ್ಳುವುದಿಲ್ಲ ಎಂದು ಹೆಸರು ಪಡೆದವಳು. ಈ ಮಾತನ್ನು ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ.

ತೊಂಬತ್ತರ ದಶಕದ ನಡುವೆ, ಮದುವೆಯಾದ ಹೊಸದರಲ್ಲಿ, ಸಕಲೇಶಪುರದ ಟಿವಿ ರಿಪೇರಿ ಅಂಗಡಿಯಿಂದ ಇವರು ಒಂದು ಹಳೇ ವಿಡಿಯೋ ಗೇಮ್ ತಂದರು. ಟಿವಿಗೆ ಸಿಕ್ಕಿಸಿ, ಮೇಲೊಂದು ಕ್ಯಾಸೆಟ್ ತುರುಕಿದರೆ ಆಟ ಬರುತ್ತಿತ್ತು. ಆಟ ಯಾವುದು? ಗಾಡಿ ಓಡಿಸುವುದು! ಇಡೀ ದಿನ ಜೀಪು ಓಡಿಸಿ ಬಂದ ಮನುಷ್ಯ ಕೈಕಾಲು ತೊಳೆದು ಮತ್ತೆ ಗಾಡಿ ಓಡಿಸಲು ಕೂರುವುದನ್ನು ಕಂಡು ನನ್ನ ಮೈ ಉರಿಯುತ್ತಿತ್ತು. "ಇಲ್ಲಿ ಎದುರುಗಡೆ ಲಾರಿ ಬಂದ್ರೂ ರಿವರ್ಸ್ ತಗೋಬೇಕಾಗಿಲ್ಲ ಕಣೆ," ಅನ್ನುತ್ತಿದ್ದರು. ಅದೊಂದು ಸುಖ ಅವರಿಗೆ.

ಆಟಕ್ಕೆ ಮುಂಚೆ ಕಂಪನಿಯ ಗುರುತು ಬರುತ್ತಿತ್ತು. ಕಪ್ಪು ಪರದೆ, ಬಿಳಿ ಅಕ್ಷರ, ಮೇಲೊಂದು ಹಕ್ಕಿ. ಚೌಕ ಚೌಕ ಇಟ್ಟಿಗೆ ಜೋಡಿಸಿದಂತೆ ಇದ್ದ ಆ ಹಕ್ಕಿ ನನಗೆ ಕೋಳಿಯಂತೆ ಕಾಣುತ್ತಿತ್ತು. ಅಲುಗಾಡುತ್ತಿರಲಿಲ್ಲ. ಒಂದು ಸಲ ಕುಂಯ್ ಎನ್ನುತ್ತಿತ್ತು, ಮುಗಿಯಿತು. ನಮ್ಮದು ಕಪ್ಪು ಬಿಳುಪಿನ ಟಿವಿ, ಹಕ್ಕಿ ಬೂದಿಯ ಬಣ್ಣ. ಅಂಗಡಿಯ ಕಲರ್ ಟಿವಿಯಲ್ಲಿ ಅದು ಕೆಂಪಗಿತ್ತು ಎಂದು ಇವರು ಆಣೆ ಮಾಡಿ ಹೇಳಿದರು. ಕಂಪನಿಯ ಹೆಸರು ನಮ್ಮ ನಾಲಿಗೆಗೆ ಹೊರಳಲಿಲ್ಲ. ಹಕ್ಕಿ ಕಂಪನಿ ಅಂದೆವು.

ಡ್ರೈವರುಗಳಿಗೆ ಒಂದು ಪದ್ಧತಿ ಇದೆ. ಬೆಳಿಗ್ಗೆ ಗಾಡಿ ಹತ್ತಿದಾಗ ಸ್ಟೇರಿಂಗ್ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾರೆ, ಆಮೇಲೇ ಕೀ ತಿರುಗಿಸುವುದು. ಇವರು ಆಟಕ್ಕೂ ಹಾಗೇ ಮಾಡಿದರು. ಹಕ್ಕಿ ಬಂದ ಕೂಡಲೇ ಆಟ ಆಡಿಸುವ ಗುಂಡಿಗಳ ರಿಮೋಟು ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದು. ನಮ್ಮಲ್ಲಿ ಕರೆಂಟು ಹೋಗಿ ಬರುವುದಕ್ಕೆ ಲೆಕ್ಕವಿಲ್ಲ. ಹೋದಾಗಲೆಲ್ಲ ಆಟ ಅಳಿಸಿಹೋಗಿ ಮತ್ತೆ ಹಕ್ಕಿಯಿಂದಲೇ ಶುರು. ಒಂದು ಸಂಜೆಯಲ್ಲಿ ಎಂಟು ಸಲ ಹಕ್ಕಿ, ಎಂಟು ಸಲ ಕಣ್ಣಿಗೊತ್ತಿಕೊಳ್ಳುವುದು. ಆ ಆಟದ ಕೊನೆ ಹೇಗಿತ್ತೋ ನಾವು ಕಾಣೆವು, ಮೊದಲನ್ನು ಮಾತ್ರ ಬಾಯಿಪಾಠ ಮಾಡಿದ್ದೆವು.

ಎರಡು ಮೂರು ವರ್ಷದ ಮೇಲೆ ಬೇರೆ ಕ್ಯಾಸೆಟ್ ತಂದರು. ಅದರಲ್ಲಿ ಹಕ್ಕಿಯ ಮೈ ದುಂಡಗಾಗಿತ್ತು. ರೆಕ್ಕೆ ಬಿಚ್ಚಿ ಒಮ್ಮೆ ಬಡಿಯುತ್ತಿತ್ತು, ಝಂಗ್ ಎಂದು ಸದ್ದು. ಇವರ ಖುಷಿ ನೋಡಬೇಕಿತ್ತು. "ಮಾಡಲ್ ಬದಲಾಗೈತೆ ಕಣೆ! ಬಾಡಿ ಎಲ್ಲಾ ಹೊಸ್ದು," ಎಂದು ಕೂಗಿ ಅಡುಗೆಮನೆಯಿಂದ ನನ್ನನ್ನು ಎಬ್ಬಿಸಿ ಕರೆದರು. ನಾನು ದಿನವಿಡೀ ಬಗ್ಗಿ ಬೀಜ ಆರಿಸಿ ಸೊಂಟ ಹಿಡಿದುಕೊಂಡು ಬಂದಿದ್ದೆ. ಚೆನ್ನಾಗಿದೆ ಅಂದು ಒಳಗೆ ಹೋದೆ.

ಮೂರನೆಯದು ಬಂದದ್ದು ಎರಡು ಸಾವಿರ ಇಸವಿ ದಾಟಿದ ಮೇಲೆ, ಕಂಪ್ಯೂಟರಿನಲ್ಲಿ. ಎಸ್ಟೇಟಿನ ಆಫೀಸಿಗೆ ಹೊಸ ಕಂಪ್ಯೂಟರ್ ತಂದಾಗ ಹಳೆಯದನ್ನು ಇವರಿಗೇ ಕೊಟ್ಟರು. ರಿಪೇರಿಗೆಂದು ಅದನ್ನು ಜೀಪಿನಲ್ಲಿ ಹೊತ್ತು ತಿರುಗಿ ತಿರುಗಿ ಇವರೇ ಅದರ ಅರ್ಧ ಯಜಮಾನರಾಗಿದ್ದರು. ಅದೇ ಅಂಗಡಿಯಿಂದ ಅದೇ ಕಂಪನಿಯ ಸೀಡಿಯೂ ಕಂಪ್ಯೂಟರಿಗೆ ಸಿಕ್ಕಿಸುವ ರಿಮೋಟೂ ಬಂದವು. ಈ ಸಲದ ಹಕ್ಕಿ ಪರದೆಯ ನಟ್ಟನಡುವೆ ಹುಟ್ಟಿ, ಅಲ್ಲೇ ಸುತ್ತು ಹಾಕಿ, ಸ್ಟೀಲು ಪಾತ್ರೆಯಂತೆ ಫಳಫಳ ಹೊಳೆದು ಅಕ್ಷರದ ಮೇಲೆ ಕೂರುತ್ತಿತ್ತು. ಹಿಂದೆ ದೊಡ್ಡ ವಾದ್ಯ. ಎಷ್ಟು ಉದ್ದ ಅಂದರೆ, ಅದು ಮುಗಿಯುವುದರೊಳಗೆ ನಾನು ಲೋಟಕ್ಕೆ ಕಾಫಿ ಬಗ್ಗಿಸಿ ತಂದು ಇವರ ಎಡಗಡೆ ಇಡಬಹುದಿತ್ತು.

ಆ ಲೋಟಗಳನ್ನು ಇವರು ಬೀಳಿಸತೊಡಗಿದ್ದು ಆಗಲೇ. ಮೊದಲನೇ ಲೋಟ ಚೆಲ್ಲಿದಾಗ ನಕ್ಕೆ. ಆಮೇಲೆ ಬೈದೆ. ಬಾಗಿಲ ಎಡ ಚೌಕಟ್ಟಿಗೆ ಭುಜ ತಾಗಿಸಿಕೊಂಡಾಗ ಆಟದ ಅಮಲು ಎಂದು ಮೂದಲಿಸಿದೆ. ಪೇಪರು ಓದುತ್ತಿದ್ದರು, ಸೂಜಿಗೆ ದಾರ ಪೋಣಿಸಿ ಕೊಡುತ್ತಿದ್ದರು. ಕಣ್ಣಿನ ಮೇಲೆ ಅನುಮಾನ ಬರುವುದಾದರೂ ಹೇಗೆ? ಆ ವರ್ಷವೇ ಒಂದು ಸಿಟ್ಟು ಅವರ ತಲೆಗೇರಿತು. ಬಸ್ಸಿನ ದಾರಿಯ ಒಂದು ತಿರುವಿನಲ್ಲಿದ್ದ ಎಸ್ಟೇಟಿನ ಸಿಲ್ವರ್ ಮರಗಳನ್ನು ರೈಟರ್ ಕಡಿಸಿ ಮಾರಿಬಿಟ್ಟಿದ್ದಾರೆ ಎಂದು. ರೈಟರ್ ಅಂದರೆ ಎಸ್ಟೇಟಿನ ಆಳುಕಾಳು, ಹಾಜರಿ ನೋಡಿಕೊಳ್ಳುವವರು. ಅವರ ಜೊತೆ ಮಾತೇ ಬಿಟ್ಟರು. ತೋಟದಲ್ಲಿ ಸಿಲ್ವರ್ ಮರ ಕಡಿಯುವುದು ಹೊಸದೇನಲ್ಲ. ಯಾವ ತಿರುವೋ, ಯಾವ ಮರವೋ ಎಂದು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ನಾಲ್ಕನೇ ಮಾಡಲ್ ಬಂದದ್ದು ಮುಂದಿನ ವರ್ಷ, ಕೊಯ್ಲಿನ ಕಾಲದಲ್ಲಿ. ಹೊಸ ಸೀಡಿ ಹಾಕಿದರು. ಪರದೆ ಪೂರ್ತಿ ಬಿಳಿ. ನಡುವೆ ಪುಟ್ಟ ಬೂದು ಅಕ್ಷರ. ವಾದ್ಯವಿಲ್ಲ, ಹೊಳಪಿಲ್ಲ. ಎಡಗಡೆಯ ಅಂಚಿನಲ್ಲಿ, ಒಂದೇ ಗೆರೆಯಲ್ಲಿ ಬರೆದ ಹಕ್ಕಿ ಸುಮ್ಮನೆ ತಲೆ ಎತ್ತಿ ನೋಡಿ ಮಾಯವಾಗುತ್ತಿತ್ತು. ಅಬ್ಬ, ಕಂಪನಿಗೂ ದಣಿವಾಯಿತು ಅಂದುಕೊಂಡೆ. ನನಗೆ ಅದು ಹಿಡಿಸಿತು.

ಇವರು ರಿಮೋಟು ಮುಟ್ಟಿದವರು ಹಾಗೇ ಕೂತರು. "ಹಕ್ಕಿ ತೆಗ್ದುಬುಟ್ಟವ್ರೆ ಕಣೆ," ಅಂದರು.

"ಎಡಗಡೆ ಐತಲ್ರೀ."

"ಎಲ್ಲೈತೆ? ಬರೀ ಅಕ್ಷರ ಐತೆ. ಡೂಪ್ಲಿಕೇಟ್ ಸೀಡಿ ಕೊಟ್ಟವ್ನೆ ಅವ್ನು."

ತಮಾಷೆ ಮಾಡುತ್ತಿದ್ದಾರೆ ಎಂದು ಒಳಗೆ ಹೋದೆ. ತಮಾಷೆಯಲ್ಲ. ಮರುದಿನ ನಾನೂ ಸಂತೆಗೆಂದು ಜೀಪು ಹತ್ತಿದ್ದೆ. ಹೋಗುವಾಗ ಮಂಜು ಮುಸುಕಿ ಹೊರಗೇನೂ ಕಾಣುತ್ತಿರಲಿಲ್ಲ. ಇವರು ನೇರ ಆ ಅಂಗಡಿಗೆ ಹೋಗಿ, ಹಕ್ಕಿ ಇಲ್ಲದ ಸೀಡಿ ಕೊಟ್ಟಿದ್ದೀಯ ಎಂದು ಜಗಳ ತೆಗೆದರು. ಅಂಗಡಿಯವರು ತಮ್ಮ ಕಂಪ್ಯೂಟರಿಗೆ ಹಾಕಿ ತೋರಿಸಿದರು. ಒಮ್ಮೆ, ಎರಡು ಸಲ, ಮೂರು ಸಲ.

"ಕಣ್ಮುಂದೇನೇ ಕುಂತೈತಲ್ಲ ಮಾರಾಯ!" ಎಂದು ಅಂಗಡಿಯವರು ನಕ್ಕರು. ಅಲ್ಲಿ ನಿಂತಿದ್ದ ಇಬ್ಬರು ಗಿರಾಕಿಗಳೂ ನಕ್ಕರು. ನಮ್ಮವರೂ ನಕ್ಕರು, ಎಲ್ಲರೂ ನಕ್ಕು ಮುಗಿಸಿದ ಮೇಲೆ. ಆ ನಗುವನ್ನು ನಾನು ಅವರ ಮುಖದಲ್ಲಿ ಅದಕ್ಕೆ ಮೊದಲು ಕಂಡಿರಲಿಲ್ಲ.

ವಾಪಸು ಬರುವಾಗ ಬಿಸಿಲು ಬಿದ್ದಿತ್ತು. ಮುಂದೆ, ಎಡಗಡೆ ಸೀಟಿನಲ್ಲಿ ಕೂತಿದ್ದೆ. ಒಂದು ತಿರುವಿನಲ್ಲಿ ಸಾಲಾಗಿ ಐದು ಸಿಲ್ವರ್ ಮರ, ಮೈತುಂಬ ಮೆಣಸಿನ ಬಳ್ಳಿ ಹೊದ್ದು ನಿಂತಿದ್ದವು. ಕೈ ಚಾಚಿದರೆ ನನಗೆ ಎಲೆ ಸಿಗುವಷ್ಟು ಹತ್ತಿರ. ದಾಟಿದ ಮೇಲೆ ಕೇಳಿದೆ: "ರೀ, ಮರ ಕಡ್ದವ್ರೆ ಅಂತಿದ್ರಲ್ಲ, ಯಾವ್ ತಿರುವಲ್ಲಿ?"

"ಇದೇ ಕಣೆ, ಈಗ ದಾಟುದ್ವಲ್ಲ. ಎಂಗ್ ಬೋಳಾಗ್ಬುಟ್ಟೈತೆ ನೋಡು," ಅಂದರು.

ಮನೆ ಸೇರುವವರೆಗೆ ಎಡಗಡೆಯ ಅಂಚನ್ನೇ ನೋಡುತ್ತ ಸೀಟಿನ ಕಬ್ಬಿಣ ಹಿಡಿದು ಕೂತಿದ್ದೆ. ದಾರಿ ಅವರ ಕೈಗೆ ಪಾಠವಾಗಿತ್ತು, ಚಕ್ರ ಒಂದು ಗೇಣೂ ಆಚೀಚೆ ಹೋಗಲಿಲ್ಲ. ಆದರೆ ಬೆಳಗಾದರೆ ಲೈನಿನ ಹೆಂಗಸರು ಬುಟ್ಟಿ ಹಿಡಿದು ನಿಂತಿರುತ್ತಾರೆ. ಅವರಲ್ಲೊಬ್ಬಳು ಏಳು ತಿಂಗಳ ಬಸುರಿ. ಅಂಚಿನಲ್ಲಿ ಯಾರಾದರೂ ಸೌದೆ ಹೊತ್ತು ಬಂದರೆ? ಮಣ್ಣು ಕುಸಿದಿದ್ದರೆ? ನಾಳೆ ಈ ಜೀಪು ಹೊರಡಬಾರದು ಎಂದು ನನಗೆ ಗೊತ್ತಾಗಿಹೋಯಿತು. ಹೇಳಬೇಕಾದವಳು ನಾನೇ ಎನ್ನುವುದೂ ಗೊತ್ತಾಯಿತು. ಅಷ್ಟು ಸುಸ್ತು ನನಗೆ ಯಾವ ಕೊಯ್ಲಿನಲ್ಲೂ ಆಗಿರಲಿಲ್ಲ.

ಮನೆಗೆ ಬಂದವಳು ಸಾಮಾನು ಕೆಳಗಿಟ್ಟು ಹೇಳಿಯೇಬಿಟ್ಟೆ. "ರೀ, ನಾಳೆ ಗಾಡಿ ತೆಗೀಬೇಡಿ. ನಿಮ್ಗೆ ಎಡಗಡೆ ಕಾಣ್ತಿಲ್ಲ."

ಅವರಿಗೆ ಸಿಟ್ಟು ನೆತ್ತಿಗೇರಿತು. "ಹದಿನಾರು ವರ್ಷದಿಂದ ಒಂದ್ ಕೋಳಿ ಮರಿ ಮೇಲೂ ಹತ್ಸಿಲ್ಲ ನಾನು. ಈ ದಾರೀಲಿ ಕಣ್ಮುಚ್ಕೊಂಡ್ ಓಡಿಸ್ತೀನಿ!"

"ಹಂಗೇ ಓಡಿಸ್ತಿದ್ದೀರಿ ಕಣ್ರೀ," ಅಂದೆ. ಆಡಿದ ಮೇಲೆ ನನ್ನ ಬಾಯಿಗೆ ನಾನೇ ಬೆದರಿದೆ.

ನಾನೇ ಹೋಗಿ ಕಂಪ್ಯೂಟರ್ ಹಚ್ಚಿದೆ. ಅವರನ್ನು ಮುಂದೆ ಕೂರಿಸಿ, ಅಕ್ಷರದ ಮೇಲೇ ಕಣ್ಣಿಡಿ, ಹಕ್ಕಿ ಬಂದಾಗ ಹೇಳಿ ಅಂದೆ. ಅವರು ರಿಮೋಟು ಮುಟ್ಟಿ ಕಣ್ಣಿಗೊತ್ತಿಕೊಂಡರು. ಬಿಳಿ ಪರದೆ ಬಂತು, ಅಕ್ಷರ ಬಂತು. "ಈಗ ಬಂತು," ಅಂದರು. ಹಕ್ಕಿ ಬಂದಿರಲಿಲ್ಲ. ಆಮೇಲೆ ಬಂತು, ತಲೆ ಎತ್ತಿತು, ಹೋಯಿತು. ಅವರು ಪರದೆಯನ್ನು ಬಿಟ್ಟು ನನ್ನ ಮುಖ ನೋಡುತ್ತಿದ್ದರು. ನಾನು ಸುಳ್ಳು ಹೇಳಬಹುದಿತ್ತು. ಇಲ್ಲ ಎಂದು ತಲೆ ಅಲ್ಲಾಡಿಸಿದೆ.

ಅವರು ಜೇಬಿನಿಂದ ಜೀಪಿನ ಕೀ ತೆಗೆದರು. ಅದನ್ನು ಕಣ್ಣಿಗೊತ್ತಿಕೊಂಡು ನನ್ನ ಅಂಗೈಯಲ್ಲಿಟ್ಟರು. ಬೆಳಿಗ್ಗೆ ಅದನ್ನು ರೈಟರಿಗೆ ಕೊಟ್ಟು ಬಂದವಳು ನಾನು. ಆ ದಿನ ಹೆಂಗಸರನ್ನು ಟ್ರ್ಯಾಕ್ಟರಿನಲ್ಲಿ ಕಳಿಸಿದರು. ಇವರು ಹೊರಗೆ ಬರಲಿಲ್ಲ.

ಹಾಸನದ ಕಣ್ಣಿನ ಡಾಕ್ಟರು ಇವರನ್ನು ಒಂದು ಯಂತ್ರದ ಮುಂದೆ ಕೂರಿಸಿದರು. ಗದ್ದ ಊರಿ ಒಳಗೆ ನೋಡಬೇಕು, ಕೈಯಲ್ಲೊಂದು ಗುಂಡಿ. ಅಲ್ಲಲ್ಲಿ ಬೆಳಕಿನ ಚುಕ್ಕಿ ಮೂಡುತ್ತದೆ, ಕಂಡಾಗ ಒತ್ತಬೇಕು. ಇವರು ಅದನ್ನೂ ಮುಟ್ಟಿ ಕಣ್ಣಿಗೊತ್ತಿಕೊಂಡರಂತೆ, ನರ್ಸು ನಗುತ್ತ ಹೇಳಿದಳು. ನಾನು ಬಟ್ಟೆಯ ಪರದೆಯಾಚೆ ಬೆಂಚಿನ ಮೇಲಿದ್ದೆ. ಮನೆಯಲ್ಲಿ ಆಟಕ್ಕೆ ಕೂತರೆ ಟಕಟಕ ಸದ್ದಿಗೆ ನನ್ನ ತಲೆ ಚಿಟ್ಟು ಹಿಡಿಯುತ್ತಿತ್ತು. ಇಲ್ಲಿ ಒಂದು ಟಕ್ ಕೇಳಿಸಿತು. ಮತ್ತೆ ಎಷ್ಟೋ ಹೊತ್ತಿಗೆ ಇನ್ನೊಂದು. ಒತ್ತಿ ಮಾರಾಯ್ರೇ, ಒತ್ತಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

ಕಣ್ಣಿನೊಳಗೆ ಒತ್ತಡ ಏರಿ ಅಂಚಿನ ನೋಟ ಹೋಗಿದೆ, ಎಡಕ್ಕೆ ಹೆಚ್ಚು, ಹೋದದ್ದು ಬರುವುದಿಲ್ಲ, ಹನಿ ಹಾಕಿಕೊಂಡರೆ ನಡುವಿನದು ಉಳಿಯಬಹುದು ಎಂದರು ಡಾಕ್ಟರು. ಔಷಧಿ ಚೀಟಿ ಹಿಡಿದು ಸಕಲೇಶಪುರಕ್ಕೆ ಬಂದು ವನಗೂರಿನ ಬಸ್ಸು ಹತ್ತಿದೆವು. ಇವರು ಎಡಗಡೆಯ ಕಿಟಕಿಗೆ ಕೂತರು. ತಿರುವು ಬಂತು ಎಂದು ನಾನು ಹೇಳಲಿಲ್ಲ, ಅವರಿಗೇ ಗೊತ್ತಿತ್ತು. ಕತ್ತನ್ನು ಪೂರ್ತಿ ಹೊರಳಿಸಿ, ಕಿಟಕಿಗೆ ಎದುರಾಗಿ ನೋಡಿದರು. ಮರಗಳು ಒಂದೊಂದಾಗಿ ದಾಟಿದವು.

"ಐದೂ ಅವೆ," ಅಂದರು. "ರೈಟರ್ ಜೊತೆ ಸುಮ್ನೆ ಮಾತ್ ಬಿಟ್ಟಿದ್ನಲ್ಲೇ."

ಆಮೇಲೆ ಮುಂದಿನ ಸೀಟಿನ ಕಂಬಿ ಹಿಡಿದು, ನನ್ನ ಕಡೆ ತಿರುಗದೆ ಕೇಳಿದರು: "ಎಷ್ಟ್ ದಿನ ಆಗಿರ್ಬೋದು ಕಣೆ? ಆ ಹೆಂಗಸ್ರನ್ನ ಕೂರಿಸ್ಕೊಂಡು ನಾನು ಹಿಂಗೆ ಓಡ್ಸಿದ್ದು?"

ಮೊದಲನೇ ಕಾಫಿ ಲೋಟ ಚೆಲ್ಲಿದ್ದು ಹಿಂದಿನ ವರ್ಷದ ಕೊಯ್ಲಿಗೂ ಮುಂಚೆ. ನೆಲ ಒರೆಸಿದವಳು ನಾನೇ, ಬೈದವಳೂ ನಾನೇ.

"ಮೊನ್ನೆ ಮೊನ್ನೆ ಕಣ್ರೀ," ಅಂದೆ. "ಆ ಹೊಸ ಹಕ್ಕಿ ಬಂತಲ್ಲ, ಆವಾಗಿಂದ."