ನಟಿಯ ನುಡಿನಮನಕ್ಕೆ ಮೈಕ್ ಹಾಕಿದ್ದು

ಬೈಂದೂರಿನಲ್ಲಿ ತೀರಿಕೊಂಡ ಹಿರಿಯ ನಾಟಕ ನಟಿಯೊಬ್ಬರ ನುಡಿನಮನಕ್ಕೆ ಮೈಕ್ ಹಾಕಲು ಹೋಗಿದ್ದೆ. ಗಂಡು ಗಂಡನ್ನು ಪ್ರೀತಿಸಿದರೆ ತಪ್ಪೇನು ಎಂದು, ಯಾರೂ ಬಾಯಿಬಿಡದ ಕಾಲದಲ್ಲೇ ವೇದಿಕೆ ಹತ್ತಿ ಕೇಳಿದ ಹೆಂಗಸು ಅವರು. ಅಂಥವರ ಹಕ್ಕಿನ ಮೆರವಣಿಗೆಗೆಂದು ಮುಂಬೈವರೆಗೂ ಹೋಗುತ್ತಿದ್ದರು. ಭಾಷಣ ಮಾಡಿದವರೆಲ್ಲ ಅವರ ಪಾತ್ರಗಳನ್ನು, ಸೀರೆಯುಡುವ ಚಂದವನ್ನು ಹೊಗಳಿದರೇ ಹೊರತು ಆ ಮಾತೆತ್ತಲಿಲ್ಲ.

ಕೊನೆಗೆ ಬ್ರಹ್ಮಾವರದ ಟೈಲರ್ ಒಬ್ಬರು ಎದ್ದು ಬಂದರು. "ನಾನ್ ಒಬ್ಬ ಗಂಡ್ಸಿನೊಟ್ಟಿಗೆ ಇದ್ದೆ ಅಂದ್ಹೇಳಿ ಅಪ್ಪಯ್ಯ ಮನೆಯಿಂದ ಹೊರ್ಗ್ ಹಾಕ್ರ್. ಈ ಅಕ್ಕ ಕರ್ಕಂಡ್ ಹೋಯಿ ಊಟ ಹಾಕ್ರ್," ಎಂದರು.

ಸಂಘಟಕರು ನನ್ನತ್ತ ಓಡಿ ಬಂದರು. "ಹ್ವಾಯ್, ಮೈಕ್ ಬಂದ್ ಮಾಡಿ! ಹೆಂಗ್ಸ್ರ್ ಮಕ್ಕಳ್ ಕೂಕಂಡಿರ್."

"ಅವ್ರ್ ಮಾತ್ ಮುಗಿಲಿಲ್ಲೆ ಅಲ್ದಾ?" ಎಂದೆ.

ಸಂಘಟಕರೇ ವಯರ್ ಕಿತ್ತರು. ಟೈಲರ್ ಬರಿ ಗಂಟಲಲ್ಲಿ ಮಾತಾಡುತ್ತಲೇ ಇದ್ದರು. ಜನ ಒಬ್ಬೊಬ್ಬರೇ ಎದ್ದು ಉಪಾಹಾರದ ಕಡೆ ನಡೆದರು. ಟೈಲರ್ ಖಾಲಿ ಕುರ್ಚಿಗಳಿಗೆ ಕೈಮುಗಿದು ಇಳಿದರು. ಇನ್ನು ಅವರಂಥವರನ್ನು ಕರೆದು ಕೂರಿಸುವ ಮನೆ ಈ ಸೀಮೆಯಲ್ಲಿ ಒಂದೂ ಉಳಿದಿಲ್ಲ ಎಂದು ನನಗೆ ಆಗ ಹೊಳೆಯಿತು.

ಮೈಕ್ ಕೆಟ್ಟುಹೋಯಿತೆಂದು ಸಂಘಟಕರು ಎಲ್ಲರಿಗೂ ಹೇಳಿದರು. ಊರವರು ನಂಬಿದರು. ಈಗ ದೇವಸ್ಥಾನದವರೂ ನನ್ನನ್ನು ಬಿಟ್ಟು ಕೋಟದಿಂದಲೇ ಮೈಕ್ ತರಿಸುತ್ತಾರೆ.