ಹಾಜರಿ ಚೀಟಿಗೆ ಒಂದು ಸಹಿ

ಅವರ ಬಲಗೈ ಹೆಬ್ಬೆರಳು ವರ್ಷವಿಡೀ ನೇರಳೆ ಬಣ್ಣದ್ದು. ಮೊಹರಿನ ಶಾಯಿ; ಎಷ್ಟು ತಿಕ್ಕಿದರೂ ಉಗುರಿನ ಸಂದಿಯಿಂದ ಹೋಗುತ್ತಿರಲಿಲ್ಲ. ಬೀದರ್ ಕಡೆಯವರು, ನಮ್ಮ ಇತಿಹಾಸ ವಿಭಾಗದ ಗುಮಾಸ್ತೆ. ಹೈದರಾಬಾದಿನ ಆ ವಿಶ್ವವಿದ್ಯಾಲಯದಲ್ಲಿ ನನ್ನೊಡನೆ ಕನ್ನಡ ಮಾತಾಡುತ್ತಿದ್ದವರು ಅವರೊಬ್ಬರೇ. ಆ ಕಡೆ ಹೆಂಗಸರನ್ನು ಗೌರವದಿಂದ 'ಬಾಯಿ' ಎನ್ನುತ್ತಾರೆ; ನಾನು 'ಬಾಯಾರು' ಎನ್ನುತ್ತಿದ್ದೆ.

ಸಂಶೋಧನೆಗೆ ಫೆಲೋಶಿಪ್ ಸಿಕ್ಕಿತೆಂದು ಊರಿನವರು ನನ್ನನ್ನು ಸರ್ಕಾರದ ಅಳಿಯ ಎಂದುಕೊಂಡಿದ್ದರು. ಅಳಿಯನ ಪಾಡು ಕೇಳಿ. 'ಈತ ಹಾಜರಿದ್ದು ಕೆಲಸ ಮಾಡಿದ್ದಾನೆ' ಎಂಬ ಚೀಟಿಗೆ ಪ್ರತಿ ತಿಂಗಳೂ ಗೈಡು ಸಹಿ ಹಾಕಬೇಕು. ಅದಿಲ್ಲದೆ ಫೆಲೋಶಿಪ್ ಹಣದ ಬಿಲ್ಲು ಕದಲದು. ನನ್ನ ಗೈಡು ಆ ಸಹಿಯ ಬಲದಿಂದಲೇ ಮನೆ ನಡೆಸುತ್ತಿದ್ದ. ಒಬ್ಬ ವಿದ್ಯಾರ್ಥಿ ಅವನ ಕರೆಂಟ್ ಬಿಲ್ಲು ಕಟ್ಟಲು ಸಾಲಿನಲ್ಲಿ ನಿಲ್ಲಬೇಕು, ಇನ್ನೊಬ್ಬ ಉತ್ತರಪತ್ರಿಕೆ ತಿದ್ದಿಕೊಡಬೇಕು. ನನ್ನ ಪಾಲಿಗೆ ಬಂದದ್ದು ಮಿಯಾಪುರದ ಅವನ ಮನೆಗೆ ಹೋಗಿ ಮಗನಿಗೆ ಪಾಠ ಹೇಳುವುದು. ಒಂದು ವರ್ಷ ಹೇಳಿದೆ. ಆಮೇಲೆ ಆಗುವುದಿಲ್ಲ ಎಂದೆ. ಸಹಿ ನಿಂತಿತು.

ಒಂದಲ್ಲ ಎರಡಲ್ಲ, ಮೂರು ತಿಂಗಳು. ಮೆಸ್ಸಿನವನು ಊಟ ನಿಲ್ಲಿಸಿದ. ಓದು ಸಾಕು ಎಂದು ಪೆಟ್ಟಿಗೆ ಕಟ್ಟಿ, ಹೇಳಿಹೋಗಲು ವಿಭಾಗಕ್ಕೆ ಬಂದರೆ ಬಾಯಾರು ತಮ್ಮ ಬುತ್ತಿ ಬಿಚ್ಚಿ ಜೋಳದ ರೊಟ್ಟಿ, ಪುಂಡಿಪಲ್ಯ ಮುಂದಿಟ್ಟರು.

"ಮೊದ್ಲು ಉಣ್ಣು ತಮ್ಮಾ. ಹಸಿದವನ ಸಿಟ್ಟು ಬಸ್‌ಸ್ಟ್ಯಾಂಡ್ ತನಕ ಅಷ್ಟ."

ನಾನು ಉಣ್ಣುವಷ್ಟರಲ್ಲಿ ಒಂದು ಹಾಳೆಯ ಮೇಲೆ, ನನ್ನ ಮೂರು ಚೀಟಿಗೆ ಸಹಿ ಬಾಕಿ ಇದೆ ಎಂದು ಟಿಪ್ಪಣಿ ಬರೆದರು. ನಾನು ದಿನವೂ ಹೆಸರು ಬರೆದಿದ್ದ ಹಾಜರಿ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು, ನನ್ನನ್ನೂ ಎಬ್ಬಿಸಿಕೊಂಡು ಗೈಡನ ಕೋಣೆಗೆ ನಡೆದರು. ದನಿ ಏರಿಸದೆ ತೆಲುಗಿನಲ್ಲಿ ಹೇಳಿದರು: "ಸಹಿ ಮಾಡಿ ಸಾರ್. ಇಲ್ಲವಾದರೆ ಯಾಕೆ ಮಾಡುವುದಿಲ್ಲ ಎಂದು ಈ ಹಾಳೆಯ ಕೆಳಗೆ ಬರೆದುಕೊಡಿ. ಫೈಲಿಗೆ ಹಾಕುತ್ತೇನೆ."

ಇಂಥವರು ಯಾರ ಕಣ್ಣೀರಿಗೂ ಹೆದರುವವರಲ್ಲ, ಫೈಲಿಗೆ ಹೆದರುತ್ತಾರೆ. ಮಗನ ಪಾಠದ ಸಂಗತಿಯನ್ನು ಕಾಗದದ ಮೇಲೆ ಹೇಗೆ ಬರೆದಾನು? ಮೂರೂ ಚೀಟಿಗೆ ಗೀಚಿ ಬಿಸಾಕಿದ.

ಮುಂದಿನ ತಿಂಗಳೇ ಬಾಯಾರನ್ನು ಹಳೇ ಉತ್ತರಪತ್ರಿಕೆ ತುಂಬುವ ಗೋದಾಮಿಗೆ ಎತ್ತಿಹಾಕಿಸಿದ. ಮೊದಲೇ ದಮ್ಮಿನ ರೋಗಿ, ಅಲ್ಲಿ ಮೊಣಕಾಲುದ್ದ ಧೂಳು. ವರ್ಗಾವಣೆ ರದ್ದಾಗಲಿ ಎಂದು ಗೆಳೆಯರು ಅರ್ಜಿ ಬರೆದು ನನ್ನ ಸಹಿಗೆ ತಂದರು. ನನಗಿನ್ನೂ ಹತ್ತು ತಿಂಗಳ ಫೆಲೋಶಿಪ್ ಉಳಿದಿತ್ತು. "ನಾಳೆ ನೋಡೋಣ" ಎಂದು ಜಾರಿಕೊಂಡೆ. ಥೂ ನನ್ನ ಜನ್ಮಕ್ಕೆ.

ಅವರು ನಿವೃತ್ತರಾದ ಮೇಲೆ ಕೂಕಟ್‌ಪಲ್ಲಿಯ ಮನೆಗೆ ಹೋಗಿ ಇದನ್ನು ಹೇಳಿಕೊಂಡೆ. ಉಸಿರು ಎಳೆಯುತ್ತಲೇ ಅಂದರು: "ನೀ ಹೆಸರು ಹಾಕಿದ್ರ ನಿನ್ನ ಬಿಲ್ಲು ಮತ್ತ ನಿಂತಿರ್ತಿತ್ತು. ನಾ ಗೋದಾಮಿಗೆ ಹೋಗಿದ್ದೂ ದಂಡ ಆಗ್ತಿತ್ತು. ಛಲೋ ಮಾಡಿದಿ ಬಿಡು."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಚಳಿಗಾಲದಲ್ಲೇ ಹೋಗಿಬಿಟ್ಟರು.

ನನ್ನ ಪ್ರಬಂಧ ಇವತ್ತಿಗೂ ಅಲ್ಲಿನ ಗ್ರಂಥಾಲಯದಲ್ಲಿದೆ. ಕೃತಜ್ಞತೆಯ ಪುಟ ತೆರೆದರೆ ಮೊದಲ ಸಾಲಿನಲ್ಲೇ 'ಪೂಜ್ಯ ಗುರುಗಳು'. ಬಾಯಾರ ಹೆಸರು ಎಲ್ಲೂ ಇಲ್ಲ. ಆ ಪುಟವನ್ನೂ ಗೈಡೇ ಓದಿ ಒಪ್ಪಬೇಕಿತ್ತು. ನಾನು ಹೆದರಿ ಬರೆಯಲಿಲ್ಲ.